ಕೊಲೆಗೆ ಕಲಮುಂಟು, ಜನಾಂಗಹತ್ಯೆಗಿಲ್ಲ

ಮುದ್ರೆಯಿಲ್ಲದ ತೂಕದ ಕಲ್ಲಿಟ್ಟು ವ್ಯಾಪಾರ ಮಾಡಿದ ಅಂಗಡಿಕಾರನಿಗೆ ಈ ದೇಶದಲ್ಲಿ ಶಿಕ್ಷೆಯುಂಟು. ಗಿರಣಿಯ ಗೋದಾಮಿನಿಂದ ನಾಲ್ಕು ಗಜ ಬಟ್ಟೆ ಮರೆಮಾಡಿ ತಂದ ಕೂಲಿಯವನಿಗೂ ಶಿಕ್ಷೆಯುಂಟು. ಒಬ್ಬ ಮನುಷ್ಯನನ್ನು ಕೊಂದವನಿಗೆ ಗಲ್ಲು ಇಲ್ಲವೆ ಜೀವಾವಧಿ ಸೆರೆಮನೆಯುಂಟು. ಆದರೆ ಒಂದು ಜನಾಂಗದವರನ್ನು, ಒಂದು ಮತದವರನ್ನು, ಅವರು ಆ ಜನಾಂಗಕ್ಕೆ ಆ ಮತಕ್ಕೆ ಸೇರಿದವರು ಎಂಬ ಒಂದೇ ಕಾರಣಕ್ಕಾಗಿ ನಿರ್ಮೂಲ ಮಾಡಲು ಹೊರಟವನಿಗೆ, ಆ ಅಪರಾಧದ ಹೆಸರು ಹಿಡಿದು ಶಿಕ್ಷೆ ವಿಧಿಸುವ ಕಲಮು ಭಾರತದ ದಂಡಶಾಸನದಲ್ಲಿ ಇಲ್ಲ. ಹಳೆಯ ಇಂಡಿಯನ್ ಪೀನಲ್ ಕೋಡಿನಲ್ಲಿ ಇರಲಿಲ್ಲ. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇಲ್ಲ.

ಇದು ನ್ಯಾಯಶಾಸ್ತ್ರಿಗಳ ಚರ್ಚೆ, ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಸಂತೆಯಲ್ಲಿ ಅಂಗಡಿ ಹೂಡುವವನಿಗೂ ಇದರಿಂದ ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಅವರಿಗೆ ನಾವು ಮರುಪ್ರಶ್ನೆ ಹಾಕುತ್ತೇವೆ. ಊರಿಗೆ ಬೆಂಕಿ ಬಿದ್ದ ದಿನ ಉರಿಯುವುದು ಯಾರ ಅಂಗಡಿ? ಮನೆಯಿಂದ ಎಳೆದು ತಂದು ಕೊಲ್ಲುವುದು ಯಾರನ್ನು? ಬಂಗಲೆಗೆ ಕಾವಲಿರುತ್ತದೆ, ಕೇರಿಗೆ ಇರುವುದಿಲ್ಲ. ಆದ್ದರಿಂದ ಈ ಕಾನೂನಿನ ಅಗತ್ಯ ಎಲ್ಲರಿಗಿಂತ ಮೊದಲು ಇರುವುದು ಕೇರಿಯವರಿಗೆ.

ವಿಷಯದ ಹಿನ್ನೆಲೆಯನ್ನು ಮೊದಲು ಹೇಳಬೇಕು. 1948ರ ಡಿಸೆಂಬರ್ 9ರಂದು ಪ್ಯಾರಿಸಿನಲ್ಲಿ ಸೇರಿದ ವಿಶ್ವಸಂಸ್ಥೆಯ ಮಹಾಸಭೆ ಜನಾಂಗಹತ್ಯೆಯ ವಿರುದ್ಧ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ 1949ರ ನವೆಂಬರಿನಲ್ಲಿ ಸಹಿ ಹಾಕಿತು, 1959ರ ಆಗಸ್ಟ್ 27ರಂದು ಅದನ್ನು ಸ್ಥಿರೀಕರಿಸಿತು. ಆ ಒಡಂಬಡಿಕೆಯ ಐದನೆಯ ವಿಧಿಯ ತಾತ್ಪರ್ಯ ಸ್ಪಷ್ಟವಾಗಿದೆ: ಒಪ್ಪಿದ ರಾಷ್ಟ್ರಗಳೆಲ್ಲ ತಮ್ಮ ತಮ್ಮ ರಾಜ್ಯಾಂಗಕ್ಕೆ ಅನುಸಾರವಾಗಿ ಶಾಸನ ಮಾಡಬೇಕು, ಅದರಲ್ಲಿಯೂ ತಪ್ಪಿತಸ್ಥರಿಗೆ ಪರಿಣಾಮಕಾರಿಯಾದ ದಂಡನೆಯನ್ನು ಗೊತ್ತುಪಡಿಸಬೇಕು. ಎಷ್ಟು ವರ್ಷ, ಯಾವ ಬಗೆಯ ಶಿಕ್ಷೆ ಎಂಬುದನ್ನು ಒಡಂಬಡಿಕೆ ಹೇಳಲಿಲ್ಲ. ಅದನ್ನು ಆಯಾ ದೇಶದ ಶಾಸನಸಭೆಗೆ ಬಿಟ್ಟಿತು. ಭಾರತದ ಪಾರ್ಲಿಮೆಂಟು ಅದನ್ನು ತೀರ್ಮಾನಿಸುವ ಕೆಲಸವನ್ನು ಅರುವತ್ತು ವರ್ಷ ದಾಟಿದರೂ ಕೈಗೆತ್ತಿಕೊಂಡು ಮುಗಿಸಿಲ್ಲ. ಕೊಟ್ಟ ಮಾತು ಕಡತದಲ್ಲಿ ಮಲಗಿದೆ.

ಇದರ ಫಲವೇನಾಯಿತೆಂಬುದನ್ನು ದಿಲ್ಲಿ ಹೈಕೋರ್ಟೇ ಹೇಳಿದೆ. 1984ರ ನವೆಂಬರ್ ಮೊದಲ ವಾರದಲ್ಲಿ ದಿಲ್ಲಿ ನಗರವೊಂದರಲ್ಲಿಯೇ 2,733 ಮಂದಿ ಸಿಖ್ಖರು ಹತರಾದರೆಂಬುದು ಸರ್ಕಾರಿ ಲೆಕ್ಕ. ಆ ಪೈಕಿ ರಾಜನಗರ ಎಂಬ ಬಡಾವಣೆಯಲ್ಲಿ ಐವರನ್ನು ಕೊಂದ ಮೊಕದ್ದಮೆಯಲ್ಲಿ ಕಾಂಗ್ರೆಸ್ಸಿನ ಮಾಜಿ ಲೋಕಸಭಾ ಸದಸ್ಯ ಸಜ್ಜನ್ ಕುಮಾರರನ್ನು ಕೆಳಗಿನ ಕೋರ್ಟು 2013ರಲ್ಲಿ ಬಿಡುಗಡೆ ಮಾಡಿತ್ತು. 2018ರ ಡಿಸೆಂಬರ್ 17ರಂದು ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ವಿನೋದ್ ಗೋಯಲ್ ಅವರು ಆ ತೀರ್ಪನ್ನು ತಳ್ಳಿಹಾಕಿ, ಉಸಿರಿರುವವರೆಗೂ ಸೆರೆವಾಸವೆಂದು ವಿಧಿಸಿದರು. ಕೃತ್ಯ ನಡೆದು ಮೂವತ್ತನಾಲ್ಕು ವರ್ಷಗಳಾಗಿದ್ದವು. ಆ ತೀರ್ಪಿನಲ್ಲಿಯೇ ಅವರು ಹೇಳಿದರು: ಮಾನವತೆಯ ವಿರುದ್ಧದ ಅಪರಾಧವಾಗಲಿ ಜನಾಂಗಹತ್ಯೆಯಾಗಲಿ ನಮ್ಮ ದೇಶದ ಅಪರಾಧ ಕಾನೂನಿನ ಭಾಗವಾಗಿಲ್ಲ, ಈ ಕೊರತೆಯನ್ನು ತುರ್ತಾಗಿ ನೀಗಬೇಕು. ನ್ಯಾಯಾಧೀಶರು ಇಷ್ಟು ಬಿಡಿಸಿ ಹೇಳಿದ ಐದು ವರ್ಷಗಳ ತರುವಾಯ, 2023ರ ಡಿಸೆಂಬರಿನಲ್ಲಿ, ಪಾರ್ಲಿಮೆಂಟು ದಂಡಸಂಹಿತೆಯನ್ನೇ ಹೊಸದಾಗಿ ಬರೆಯಿತು. ಬರೆಯುವಾಗ ಈ ಎರಡು ಅಪರಾಧಗಳನ್ನು ಸೇರಿಸಲಿಲ್ಲ. ಐವರು ಅಥವಾ ಹೆಚ್ಚು ಮಂದಿ ಗುಂಪಾಗಿ ಜಾತಿ, ಜನಾಂಗ, ಭಾಷೆ ಮೊದಲಾದ ಕಾರಣಕ್ಕೆ ಕೊಲೆ ಮಾಡಿದರೆ ಮರಣದಂಡನೆ ಅಥವಾ ಜೀವಾವಧಿ ಎಂದು 103ನೆಯ ಕಲಮಿನಲ್ಲಿ ಸೇರಿಸಿದ್ದಾರೆ. ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಅದು ಬೀದಿಯಲ್ಲಿ ದೊಣ್ಣೆ ಹಿಡಿದ ಗುಂಪನ್ನು ಹಿಡಿಯುವ ಬಲೆ. ಆ ಗುಂಪಿಗೆ ಮತದಾರರ ಪಟ್ಟಿಯನ್ನೂ ಸೀಮೆಎಣ್ಣೆಯನ್ನೂ ಒದಗಿಸಿ, ಪೊಲೀಸರನ್ನು ಠಾಣೆಯಲ್ಲಿ ಕೂರಿಸಿದವನನ್ನು ಹಿಡಿಯಲು ಹೆಣೆದ ಬಲೆಯಲ್ಲ.

ಕೊಲೆಗೆ ಕಲಮಿದೆಯಲ್ಲ, ಸಾವಿರ ಕೊಲೆಗೆ ಸಾವಿರ ಸಲ ಅದನ್ನೇ ಹಾಕಿದರಾಯಿತು, ಬೇರೆ ಹೆಸರೇಕೆ ಎನ್ನುವ ವಾದವೊಂದಿದೆ. ಮೇಲುನೋಟಕ್ಕೆ ಸರಿಯೆಂದು ಕಾಣುವ ಈ ವಾದವನ್ನು ಜರ್ಮನಿ ನಡೆಸಿ ನೋಡಿದೆ. ಆಷ್‌ವಿಟ್ಸ್ ಮರಣಶಿಬಿರದಲ್ಲಿ ಕೆಲಸ ಮಾಡಿದವರ ವಿಚಾರಣೆ ಫ್ರಾಂಕ್‌ಫರ್ಟಿನಲ್ಲಿ 1963ರ ಡಿಸೆಂಬರಿನಿಂದ 1965ರ ಆಗಸ್ಟಿನವರೆಗೆ ನಡೆಯಿತು. ಜರ್ಮನಿ 1954ರಲ್ಲಿ ಜನಾಂಗಹತ್ಯೆಯ ಕಲಮನ್ನು ತನ್ನ ಸಂಹಿತೆಗೆ ಸೇರಿಸಿತ್ತಾದರೂ, ಅದಕ್ಕೆ ಹಿಂದೆ ನಡೆದ ಕೃತ್ಯಕ್ಕೆ ಅದು ಅನ್ವಯಿಸುತ್ತಿರಲಿಲ್ಲ. ಆದ್ದರಿಂದ ಹಳೆಯ ಕೊಲೆಯ ಕಲಮಿನ ಕೆಳಗೇ ವಿಚಾರಣೆಯಾಯಿತು. ಆ ಕಲಮು ಕೇಳುವ ಪ್ರಶ್ನೆ: ಈತ ಸ್ವಂತ ದುರುದ್ದೇಶದಿಂದ, ಇಂಥ ದಿನ, ಇಂಥವನನ್ನು ಕೊಂದನೆ? ಹಾಗೆಂದು ರುಜುವಾತಾದವನು ಕೊಲೆಗಾರ. ಅಪ್ಪಣೆಯಂತೆ ಯಂತ್ರ ನಡೆಸಿದವನು ಬರಿಯ ಸಹಾಯಕ. ಶಿಬಿರದ ಮುಖ್ಯಾಧಿಕಾರಿಯ ಬಲಗೈಯಾಗಿದ್ದ ರಾಬರ್ಟ್ ಮುಲ್ಕಾ ಸಹಾಯಕನೆಂದು 14 ವರ್ಷ ಪಡೆದ. ತೀರ್ಪಾದ ಇಪ್ಪತ್ತು ಮಂದಿಯಲ್ಲಿ ಆರು ಮಂದಿಗೆ ಜೀವಾವಧಿ, ಮೂವರಿಗೆ ಬಿಡುಗಡೆ, ಉಳಿದವರಿಗೆ ಕೆಲವು ವರ್ಷಗಳು. ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಸತ್ತ ಸ್ಥಳದ ಲೆಕ್ಕ ಇದು.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕೊಲೆಯ ಕಾನೂನು ಕತ್ತಿ ಹಿಡಿದ ಕೈಯನ್ನು ನೋಡುತ್ತದೆ. ಜನಾಂಗಹತ್ಯೆಯಲ್ಲಿ ಕತ್ತಿ ಹಿಡಿಯದ ಕೈಯೇ ಮುಖ್ಯವಾದ ಕೈ. ಆದೇಶಕ್ಕೆ ಸಹಿ ಹಾಕಿದವನು, ರೈಲಿನ ವೇಳಾಪಟ್ಟಿ ಬರೆದವನು, ಹೆಸರುಗಳ ಯಾದಿ ಮಾಡಿದವನು ಸತ್ತವರ ಮುಖವನ್ನು ಕೂಡ ನೋಡಿರುವುದಿಲ್ಲ. ಗಿರಣಿಯಲ್ಲಿ ಕಾಪು ಇಲ್ಲದ ಯಂತ್ರಕ್ಕೆ ಕೈ ಕೊಟ್ಟು ಕಾರ್ಮಿಕನೊಬ್ಬ ಸತ್ತರೆ ಕಾನೂನು ಯಂತ್ರ ತಿರುಗಿಸಿದವನನ್ನು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಕಾಪು ಹಾಕಿಸಬೇಕಾಗಿದ್ದ ಮ್ಯಾನೇಜರನನ್ನೂ ಮಾಲೀಕನನ್ನೂ ಕೇಳುತ್ತದೆ. ಈ ನ್ಯಾಯವನ್ನು ಕಾರ್ಮಿಕರು ಹೋರಾಡಿ ಪಡೆದರು. ಅದೇ ನ್ಯಾಯವನ್ನು ಸಾಮೂಹಿಕ ಹತ್ಯೆಗೂ ಅನ್ವಯಿಸಿ ಎಂದು ನಾವು ಹೇಳುತ್ತಿದ್ದೇವೆ.

ಜರ್ಮನಿ ತಡವಾಗಿಯಾದರೂ ಪಾಠ ಕಲಿಯಿತು. 2002ರಲ್ಲಿ ಇಂಥ ಅಪರಾಧಗಳಿಗಾಗಿಯೇ ಪ್ರತ್ಯೇಕ ಸಂಹಿತೆ ಮಾಡಿತು. ಜನಾಂಗಹತ್ಯೆಗೆ ಜೀವಾವಧಿ ಎಂದು ಬರೆಯಿತು. ಆ ಸಂಹಿತೆಯ ಕೆಳಗೆ, ಡಮಾಸ್ಕಸ್ಸಿನ ಸೆರೆಮನೆಯೊಂದರಲ್ಲಿ ಚಿತ್ರಹಿಂಸೆಯ ವಿಚಾರಣಾ ವಿಭಾಗದ ಮುಖ್ಯಸ್ಥನಾಗಿದ್ದ ಅನ್ವರ್ ರಸ್ಲಾನ್ ಎಂಬ ಸಿರಿಯಾದ ಅಧಿಕಾರಿಗೆ ಕೊಬ್ಲೆಂಜ್ ನಗರದ ಕೋರ್ಟು 2022ರ ಜನವರಿ 13ರಂದು ಜೀವಾವಧಿ ಶಿಕ್ಷೆ ಕೊಟ್ಟಿತು. ಜನರನ್ನು ಹಿಡಿದು ಅಲ್ಲಿಗೆ ತಲುಪಿಸಲು ನೆರವಾದ ಕೆಳದರ್ಜೆಯ ನೌಕರನಿಗೆ ಅದರ ಹಿಂದಿನ ವರ್ಷ ನಾಲ್ಕೂವರೆ ವರ್ಷ ವಿಧಿಸಿತ್ತು. ಮೇಲಿನವನಿಗೆ ಹೆಚ್ಚು, ಕೆಳಗಿನವನಿಗೆ ಕಡಿಮೆ. 1965ರಲ್ಲಿ ತಲೆಕೆಳಗಾಗಿದ್ದ ತಕ್ಕಡಿ ನೆಟ್ಟಗಾಯಿತು. ಆದರೆ ತಡವಾದ ನ್ಯಾಯಕ್ಕೆ ಏನು ಗತಿ ಎಂಬುದೂ ಅದೇ ದೇಶದಲ್ಲಿ ಕಾಣುತ್ತದೆ. ಆಷ್‌ವಿಟ್ಸಿನಲ್ಲಿ ಲೆಕ್ಕ ಬರೆಯುತ್ತಿದ್ದ ಆಸ್ಕರ್ ಗ್ರೋನಿಂಗನಿಗೆ 2015ರಲ್ಲಿ, ಮೂರು ಲಕ್ಷ ಕೊಲೆಗಳಿಗೆ ನೆರವಾದನೆಂದು 4 ವರ್ಷ ಶಿಕ್ಷೆಯಾಯಿತು. ಆಗ ಅವನಿಗೆ 94 ವರ್ಷ. ಸೆರೆಮನೆಯ ಬಾಗಿಲು ನೋಡುವ ಮೊದಲೇ 2018ರಲ್ಲಿ ತೀರಿಕೊಂಡ.

ಭಾರತದಲ್ಲಿ ಏನೂ ಇಲ್ಲವೆ? ಒಂದು ಇದೆ: 1960ರ ಜಿನೀವಾ ಒಪ್ಪಂದಗಳ ಶಾಸನ. ಗಾಯಗೊಂಡ ಸೈನಿಕ, ಯುದ್ಧಕೈದಿ, ಶತ್ರುವಶದ ನಾಗರಿಕ ಇವರ ಮೇಲೆ ಘೋರ ಅಪರಾಧವೆಸಗಿದವರಿಗೆ ಅದರ ಮೂರನೆಯ ಕಲಮು ಶಿಕ್ಷೆ ಗೊತ್ತುಮಾಡುತ್ತದೆ. ಬೇಕೆಂದೇ ಕೊಂದಿದ್ದರೆ ಮರಣದಂಡನೆ ಅಥವಾ ಜೀವಾವಧಿ. ಬೇರೆ ಅಪರಾಧಗಳಿಗೆ 14 ವರ್ಷದವರೆಗೆ ಸೆರೆ. ಓದಲು ಚೆನ್ನಾಗಿದೆ. ಆದರೆ ಮುಂದೆ ಹದಿನೇಳನೆಯ ಕಲಮಿಗೆ ಬಂದರೆ, ಸರ್ಕಾರವೇ ಅಥವಾ ಅದು ನೇಮಿಸಿದ ಅಧಿಕಾರಿಯೇ ಫಿರ್ಯಾದು ಕೊಟ್ಟ ಹೊರತು ಯಾವ ಕೋರ್ಟೂ ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು. ಗೋವಾದ ಪಾದ್ರಿ ಮೊಂತೆರೊ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೂ 1969ರಲ್ಲಿ, ಈ ಶಾಸನ ತಾನಾಗಿ ವ್ಯಕ್ತಿಗೆ ವಿಶೇಷ ಪರಿಹಾರವನ್ನೇನೂ ಒದಗಿಸುವುದಿಲ್ಲವೆಂದು ಹೇಳಿತು. ಅಲ್ಲದೆ ಇದು ದೇಶ ದೇಶಗಳ ನಡುವಣ ಯುದ್ಧದ ಮಾತು. ನಮ್ಮದೇ ಊರಿನಲ್ಲಿ ನಮ್ಮದೇ ಜನರ ಮೇಲೆ ನಡೆಯುವ ನರಮೇಧಕ್ಕೆ ಈ ಕಲಮಿನ ಆಸರೆಯಿಲ್ಲ. ಇನ್ನು ಅಂತರರಾಷ್ಟ್ರೀಯ ಕ್ರಿಮಿನಲ್ ಕೋರ್ಟನ್ನು ಸ್ಥಾಪಿಸಿದ 1998ರ ರೋಮ್ ಒಪ್ಪಂದದ ಮತದಾನದಲ್ಲಿ ಭಾರತ ತಟಸ್ಥವಾಗಿ ಉಳಿಯಿತು. ಅದಕ್ಕೆ ಸಹಿಯನ್ನೂ ಹಾಕಿಲ್ಲ. ಹೊರಗಿನ ಕೋರ್ಟು ಬೇಡ, ನಮ್ಮ ಕೋರ್ಟೇ ಸಾಕು ಎನ್ನುವುದು ಸ್ವಾಭಿಮಾನದ ಮಾತೇ ಸರಿ. ಆದರೆ ಹಾಗೆಂದವರು ತಮ್ಮ ಕೋರ್ಟಿನ ಕೈಗೆ ಕಾನೂನು ಕೊಡಬೇಕಲ್ಲವೆ?

ಕಾನೂನು ಇದ್ದರೆ ಸಾಲದು. ಕೊಟ್ಟ ಶಿಕ್ಷೆಯನ್ನು ಅನುಭವಿಸುವಂತೆಯೂ ಮಾಡಬೇಕು. ತೀರ್ಪಿನ ಹಾಳೆಯ ಮೇಲಿನ ವರ್ಷಗಳು ಬೇರೆ, ಸೆರೆಮನೆಯೊಳಗಿನ ವರ್ಷಗಳು ಬೇರೆ. 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ವಿಯೆಟ್ನಾಮಿನ ಮಿ ಲಾಯ್ ಹಳ್ಳಿಗೆ ನುಗ್ಗಿ ಹೆಂಗಸರು, ಮಕ್ಕಳು, ಮುದುಕರೆನ್ನದೆ ಗುಂಡಿಟ್ಟು ಕೊಂದರು. ಸತ್ತವರು 504 ಎಂದು ವಿಯೆಟ್ನಾಮಿನ ಲೆಕ್ಕ, 347 ಎಂದು ಅಮೆರಿಕದ ಸೈನ್ಯದ ಲೆಕ್ಕ. ಅಪ್ಪಣೆಯಾಗಿತ್ತು, ನಾವೇನು ಮಾಡುವುದು ಎಂಬುದು ಕೊಂದವರ ಸಮಜಾಯಿಷಿ. ಆದರೆ ಅದೇ ದಿನ ಅದೇ ಸೈನ್ಯದ ಹ್ಯೂ ಥಾಂಪ್ಸನ್ ಎಂಬ ವಿಮಾನ ಚಾಲಕ ತನ್ನ ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ ಕೆಲವರ ಜೀವ ಉಳಿಸಿದ. ಮನಸ್ಸಿದ್ದವನಿಗೆ ಬೇರೆ ದಾರಿಯಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಡ.

ಅಮೆರಿಕ ಈ ಕೃತ್ಯವನ್ನು ಯುದ್ಧಾಪರಾಧವೆಂದು ಕರೆಯದೆ, ತನ್ನ ಸೈನಿಕ ಕಾನೂನಿನ ಸಾಮಾನ್ಯ ಕೊಲೆಯ ಕಲಮಿನಡಿ ವಿಚಾರಣೆ ನಡೆಸಿತು. ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ 22 ಮಂದಿಯ ಕೊಲೆಗೆ ತಪ್ಪಿತಸ್ಥನೆಂದು 1971ರ ಮಾರ್ಚ್ 31ರಂದು ಜೀವಾವಧಿ ಕಠಿಣ ಶಿಕ್ಷೆ ಪಡೆದ. ಮಾರನೆಯ ದಿನವೇ ಅಧ್ಯಕ್ಷ ನಿಕ್ಸನ್ ಅವನನ್ನು ಸೆರೆಮನೆಯಿಂದ ಅವನ ವಸತಿಗೆ ಕಳಿಸಲು ಅಪ್ಪಣೆ ಮಾಡಿದ. ಆಗಸ್ಟಿನಲ್ಲಿ ಜೀವಾವಧಿ 20 ವರ್ಷಕ್ಕೆ ಇಳಿಯಿತು. 1974ರ ಏಪ್ರಿಲಿನಲ್ಲಿ 10 ವರ್ಷವಾಯಿತು. ಅದೇ ನವೆಂಬರಿನಲ್ಲಿ ಅವನು ಹೊರಗೆ ಬಂದ. ಮೂರೂವರೆ ವರ್ಷ, ಅದರಲ್ಲಿ ಬಹುಪಾಲು ಗೃಹಬಂಧನ. ಅವನ ಮೇಲಧಿಕಾರಿ ಕ್ಯಾಪ್ಟನ್ ಮೆಡಿನಾ ಬಿಡುಗಡೆಯಾದ. ಇಡೀ ಹಳ್ಳಿಯ ಸಾವಿಗೆ ಶಿಕ್ಷೆಯಾದುದು ಒಬ್ಬನೇ ಒಬ್ಬನಿಗೆ.

ಹಣವಂತರ ಸಂಗತಿ ಇದಕ್ಕಿಂತಲೂ ಸೊಗಸಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಕ್ರುಪ್ ಎಂಬ ಉಕ್ಕಿನ ಕಂಪನಿ, ಗೆದ್ದ ದೇಶಗಳಿಂದ ಎಳೆದುತಂದವರನ್ನೂ ಸೆರೆಶಿಬಿರದ ಕೈದಿಗಳನ್ನೂ ತನ್ನ ಕಾರ್ಖಾನೆಗಳಲ್ಲಿ ಗುಲಾಮರಂತೆ ದುಡಿಸಿತು. ನ್ಯೂರೆಂಬರ್ಗಿನಲ್ಲಿ ಕೂತ ಅಮೆರಿಕದ ನ್ಯಾಯಮಂಡಳಿ 1948ರ ಜುಲೈ 31ರಂದು ಒಡೆಯ ಆಲ್‌ಫ್ರೀಡ್ ಕ್ರುಪ್‌ನಿಗೆ 12 ವರ್ಷ ಸೆರೆ ಮತ್ತು ಆಸ್ತಿಯ ಮುಟ್ಟುಗೋಲನ್ನು ವಿಧಿಸಿತು. 1951ರಲ್ಲಿ ಅಮೆರಿಕದ ಹೈಕಮಿಷನರ್ ಮೆಕ್ಲಾಯ್ ಅವನನ್ನು ಬಿಡುಗಡೆ ಮಾಡಿ ಆಸ್ತಿಯನ್ನೂ ಹಿಂದಕ್ಕೆ ಕೊಟ್ಟ. ಎರಡು ವರ್ಷದಲ್ಲಿ ಅವನು ಮತ್ತೆ ಕಂಪನಿಯ ಗದ್ದುಗೆಯ ಮೇಲಿದ್ದ. ನಾಲ್ಕು ಗಜ ಬಟ್ಟೆ ಕದ್ದವನಿಗೆ ಹೋದ ಕೆಲಸ ಮರಳಿ ಸಿಕ್ಕುವುದನ್ನು ಕಂಡವರು ಯಾರಾದರೂ ಇದ್ದಾರೆಯೆ?

ಇದು ಪರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. 2002ರ ಗುಜರಾತ್ ಹತ್ಯಾಕಾಂಡದಲ್ಲಿ ಸಾಮೂಹಿಕ ಅತ್ಯಾಚಾರ ಮತ್ತು ಕೊಲೆಗಳಿಗಾಗಿ ಜೀವಾವಧಿ ಅನುಭವಿಸುತ್ತಿದ್ದ ಹನ್ನೊಂದು ಮಂದಿಯನ್ನು ಆ ರಾಜ್ಯದ ಸರ್ಕಾರ 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯೋತ್ಸವದ ದಿನವೇ, ಮಾಫಿ ಕೊಟ್ಟು ಹೊರಗೆ ಬಿಟ್ಟಿತು. ಸುಪ್ರೀಂ ಕೋರ್ಟು 2024ರ ಜನವರಿ 8ರಂದು ಆ ಮಾಫಿಯನ್ನು ರದ್ದುಮಾಡಿ ಅವರನ್ನು ಮತ್ತೆ ಸೆರೆಮನೆಗೆ ಕಳಿಸಬೇಕಾಯಿತು. ಜೀವಾವಧಿ ಎಂದು ಬರೆದರೆ ಜೀವಾವಧಿಯೇ ಎಂಬ ಭರವಸೆ ಇಲ್ಲದಿದ್ದರೆ ನ್ಯಾಯಾಧೀಶರ ಲೇಖನಿಗೆ ಬೆಲೆಯೇನು?

ಹಾಗಾದರೆ ಎಲ್ಲರನ್ನೂ ನೇಣಿಗೇರಿಸಿಬಿಡಿ ಎಂಬ ಕೂಗು ಏಳುವುದು ಸಹಜ. ಸತ್ತವರ ಮನೆಯವರು ಹಾಗೆಂದರೆ ಅವರ ಎದುರು ನಿಂತು ಉಪದೇಶ ಮಾಡುವ ಧೈರ್ಯ ನಮಗಿಲ್ಲ. ಆದರೆ ಕಾನೂನು ಮಾಡುವವರು ಕೋಪದಲ್ಲಿ ಮಾಡಬಾರದು. ಇದಕ್ಕೆ ಬಾಂಗ್ಲಾದೇಶವನ್ನು ನೋಡಬೇಕು. 1971ರ ಹತ್ಯಾಕಾಂಡದ ಅಪರಾಧಿಗಳನ್ನು ಶಿಕ್ಷಿಸಲು ಆ ದೇಶ 1973ರಲ್ಲಿಯೇ ಶಾಸನ ಮಾಡಿತು. ಆ ಧೈರ್ಯವನ್ನು ಮೆಚ್ಚಬೇಕು. ಆದರೆ ನ್ಯಾಯಮಂಡಳಿ ನೇಮಕವಾದುದು 2010ರಲ್ಲಿ. 2013ರ ಫೆಬ್ರವರಿ 5ರಂದು ಅಬ್ದುಲ್ ಕಾದರ್ ಮೊಲ್ಲಾನಿಗೆ ಜೀವಾವಧಿಯಾಯಿತು. ಗಲ್ಲೇ ಬೇಕೆಂದು ಢಾಕಾದ ಶಹಬಾಗಿನಲ್ಲಿ ಸಹಸ್ರಾರು ಜನ ಸೇರಿದರು. ಸರ್ಕಾರ ಅದೇ ತಿಂಗಳು ಕಾನೂನು ತಿದ್ದಿ, ಶಿಕ್ಷೆ ಸಾಲದೆಂದು ತಾನೂ ಮೇಲ್ಮನವಿ ಮಾಡುವ ಹಕ್ಕು ಪಡೆಯಿತು. ಮೇಲಿನ ಕೋರ್ಟು ಮರಣದಂಡನೆ ಕೊಟ್ಟಿತು. ಡಿಸೆಂಬರ್ 12ರಂದು ಅವನನ್ನು ನೇಣಿಗೇರಿಸಲಾಯಿತು. ಆಟ ನಡೆಯುವಾಗ ನಿಯಮ ಬದಲಾಯಿಸಿದರೆಂಬ ಮಾತು ಉಳಿಯಿತು. ಕಾಲಚಕ್ರ ತಿರುಗಿತು. ಆ ಮಂಡಳಿಯನ್ನು ಸ್ಥಾಪಿಸಿದ ಪ್ರಧಾನಿ ಶೇಖ್ ಹಸೀನಾ ಅವರಿಗೇ, 2024ರ ವಿದ್ಯಾರ್ಥಿ ಚಳವಳಿಯ ಮೇಲೆ ನಡೆದ ದಮನದ ಸಂಬಂಧ, ಅದೇ ಶಾಸನದ ಕೆಳಗೆ 2025ರ ನವೆಂಬರ್ 17ರಂದು ಅವರ ಗೈರುಹಾಜರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಯಾರು ತಪ್ಪಿತಸ್ಥರು ಎಂಬ ವಾದಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಆದರೆ ಇಂಥ ಶಾಸನ ಇಂದು ಒಬ್ಬರ ಕೈಯಲ್ಲಿದ್ದರೆ ನಾಳೆ ಇನ್ನೊಬ್ಬರ ಕೈಯಲ್ಲಿರುತ್ತದೆಂಬುದನ್ನು ಶಾಸನ ಬರೆಯುವವರು ಮರೆಯಬಾರದು.

ರುವಾಂಡದ ಅನುಭವ ಇನ್ನೂ ಹೆಚ್ಚಿನ ಪಾಠ ಕಲಿಸುತ್ತದೆ. 1994ರಲ್ಲಿ ನೂರು ದಿನಗಳಲ್ಲಿ ಅಲ್ಲಿ ಎಂಟು ಲಕ್ಷ ಮಂದಿ ಸತ್ತರೆಂದು ವಿಶ್ವಸಂಸ್ಥೆಯ ಅಂದಾಜು. 1996ರ ಅಲ್ಲಿನ ಶಾಸನ ಅಪರಾಧಿಗಳನ್ನು ನಾಲ್ಕು ವರ್ಗ ಮಾಡಿತು: ಸಂಚು ಹೂಡಿದವರು ಮತ್ತು ಮುಂದಾಳುಗಳು ಮೊದಲನೆಯ ವರ್ಗ, ಅವರಿಗೆ ಮರಣ, ಆಸ್ತಿಪಾಸ್ತಿ ಹಾಳುಮಾಡಿದವರು ಕೊನೆಯ ವರ್ಗ. 1998ರ ಏಪ್ರಿಲ್ 24ರಂದು 22 ಮಂದಿಯನ್ನು ಬಹಿರಂಗವಾಗಿ ಗುಂಡಿಟ್ಟು ಕೊಂದರು. ಆಗ ಒಂದು ವಿಪರೀತ ಕಂಡುಬಂತು. ಅತಿ ದೊಡ್ಡ ಸಂಚುಗಾರರ ವಿಚಾರಣೆ ನಡೆಯುತ್ತಿದ್ದುದು ಅರೂಷಾದಲ್ಲಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿಯಲ್ಲಿ. ಅಲ್ಲಿ ಜೀವಾವಧಿಯೇ ಗರಿಷ್ಠ ಶಿಕ್ಷೆ. ಮಂತ್ರಿಗೆ ಸೆರೆಮನೆ, ಅವನ ಹಿಂಬಾಲಕನಿಗೆ ಗುಂಡು! ಮರಣದಂಡನೆಯಿದ್ದ ದೇಶಕ್ಕೆ ತಮ್ಮಲ್ಲಿ ಅಡಗಿದ್ದವರನ್ನು ಒಪ್ಪಿಸಲು ಬೇರೆ ದೇಶಗಳೂ ಹಿಂದೆಗೆದವು. ಕಡೆಗೆ 2007ರಲ್ಲಿ ರುವಾಂಡ ಮರಣದಂಡನೆಯನ್ನೇ ತೆಗೆದುಹಾಕಿತು. ಅಷ್ಟು ನೊಂದ ದೇಶವೇ ಹಗ್ಗವಿಲ್ಲದೆ ನ್ಯಾಯ ಸಾಧ್ಯವೆಂದು ಕಂಡಿತಾದರೆ, ಉಳಿದವರು ಆ ಮಾತಿಗೆ ಕಿವಿಗೊಡಬೇಕು.

ಅಲ್ಲಿ ಸಣ್ಣ ಅಪರಾಧಿಗಳ ಸಂಖ್ಯೆ ಲಕ್ಷಗಟ್ಟಲೆ ಇತ್ತು. ಅವರಿಗಾಗಿ ಗಚಾಚ ಎಂಬ ಊರಕಟ್ಟೆಯ ಪಂಚಾಯಿತಿಗಳನ್ನು ಏರ್ಪಡಿಸಿದರು. ಸುಮಾರು ಹನ್ನೆರಡು ಸಾವಿರ ಪಂಚಾಯಿತಿಗಳು 2012ರವರೆಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಮೊಕದ್ದಮೆ ತೀರ್ಮಾನಿಸಿದವು. ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ಕಡಿಮೆ. ಅದರಲ್ಲಿ ಒಂದು ಭಾಗವನ್ನು ರಸ್ತೆ ಹಾಕಿ, ಮನೆ ಕಟ್ಟಿ ತೀರಿಸಬಹುದಾಗಿತ್ತು. ವಕೀಲರಿರಲಿಲ್ಲ, ಗೆದ್ದ ಪಕ್ಷದ ಸೈನಿಕರ ಅಪರಾಧಗಳು ಆ ಕಟ್ಟೆಗೆ ಬರಲಿಲ್ಲ, ಈ ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಸುಟ್ಟ ಮನೆಯನ್ನು ಸುಟ್ಟವನೇ ಕಟ್ಟಿಕೊಡಲಿ ಎಂಬ ವಿಚಾರದಲ್ಲಿ ಹಳ್ಳಿಯವರ ವಿವೇಕವಿದೆ.

ಇನ್ನೊಂದು ಕಾರಣಕ್ಕೂ ತಡ ಮಾಡುವಂತಿಲ್ಲ. ಕೃತ್ಯ ನಡೆದಾಗ ಇದ್ದ ಕಾನೂನಿನಲ್ಲಿ ಎಷ್ಟು ಶಿಕ್ಷೆಯಿತ್ತೋ ಅದಕ್ಕಿಂತ ಹೆಚ್ಚು ಕೊಡಬಾರದೆಂದು ನಮ್ಮ ಸಂವಿಧಾನದ 20ನೆಯ ವಿಧಿ ಹೇಳುತ್ತದೆ. ಅದು ಬಡವನಿಗೂ ರಕ್ಷೆ. ಅದನ್ನು ಸಡಿಲಿಸಿ ಎಂದು ನಾವು ಹೇಳುವುದಿಲ್ಲ. ಆದರೆ ಅದರ ಅರ್ಥವೇನು? ನಾಳೆ ಒಂದು ನರಮೇಧ ನಡೆದು, ನಾಡಿದ್ದು ಕಾನೂನು ಮಾಡಿದರೆ, ಆ ಕಾನೂನು ಆ ಅಪರಾಧಿಯನ್ನು ಮುಟ್ಟುವುದಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾದೀತು. ಊರು ಶಾಂತವಾಗಿರುವಾಗಲೇ, ಯಾರ ಮುಖವನ್ನೂ ನೋಡದೆ, ಶಾಸನ ಮಾಡಬೇಕು.

ಆದುದರಿಂದ ನಮ್ಮ ಒತ್ತಾಯಗಳಿವು. ಒಂದು: ಜನಾಂಗಹತ್ಯೆ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಮೂರನ್ನೂ ಹೆಸರಿಸಿ ದಂಡಸಂಹಿತೆಯಲ್ಲಿ ಪ್ರತ್ಯೇಕ ಅಧ್ಯಾಯ ಬರಬೇಕು. ಎರಡು: ಸಂಚು ಹೂಡಿದವನಿಗೆ ಉಸಿರಿರುವವರೆಗೆ ಸೆರೆ, ಉಳಿದವರಿಗೆ ಅವರವರ ಪಾತ್ರಕ್ಕೆ ತಕ್ಕಷ್ಟು, ನೇಣು ಬೇಡ. ಮೂರು: ಕೆಳಗಿನವರು ಕೊಲ್ಲುವುದನ್ನು ತಿಳಿದೂ ತಡೆಯದ ಮೇಲಧಿಕಾರಿಯೂ ಮಂತ್ರಿಯೂ ಹೊಣೆಗಾರರೆಂದು ಕಾನೂನಿನಲ್ಲಿಯೇ ಬರೆಯಬೇಕು, ಅಪ್ಪಣೆಯಾಗಿತ್ತೆಂಬ ನೆಪ ನಡೆಯಬಾರದು. ನಾಲ್ಕು: ನೊಂದವರು ನೇರವಾಗಿ ಕೋರ್ಟಿನ ಮೆಟ್ಟಿಲು ಹತ್ತುವಂತಿರಬೇಕು, ಸರ್ಕಾರದ ಅನುಮತಿ ಅಡ್ಡ ಬರಬಾರದು. ನೊಂದವರ ಮಾತು ಕೇಳದೆ ಯಾವ ಮಂತ್ರಿಮಂಡಲವೂ ಮಾಫಿ ಕೊಡುವಂತಿರಬಾರದು. ಐದು: ದಂಡದ ಹಣವೂ ಮುಟ್ಟುಗೋಲಿನ ಆಸ್ತಿಯೂ ಖಜಾನೆಗೆ ಹೋಗದೆ, ಮನೆ ಮಳಿಗೆ ಕಳೆದುಕೊಂಡವರಿಗೆ ಮುಟ್ಟಬೇಕು.

ಇವನ್ನು ಕೊಡಿಸುವವರು ವಕೀಲರಲ್ಲ, ಮತದಾರರು. ಓಟು ಕೇಳಲು ಬರುವ ಪ್ರತಿಯೊಬ್ಬ ಅಭ್ಯರ್ಥಿಯನ್ನೂ, ಅವನು ಯಾವ ಪಕ್ಷದವನೇ ಆಗಲಿ, ಗಿರಣಿಯ ಬಾಗಿಲಲ್ಲಿ ನಿಲ್ಲಿಸಿ ಕೇಳಿ: 1959ರಲ್ಲಿ ದೇಶ ಕೊಟ್ಟ ಮಾತನ್ನು ನೀವು ನಡೆಸಿಕೊಡುವಿರಾ? ಹೌದು ಎಂದರೆ ಯಾವಾಗ ಎಂದು ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.